ಹೊರಗೆ ಹೋದ ಕರಡಿ

ಭಾನುವಾರ, ಮಾರ್ಚ್ 8, 1987

ಒರೆಸ್ಟ್,

ಹೇಗಿದ್ದೀಯ ಎಂದು ಕೇಳುವುದಿಲ್ಲ. ನಿನ್ನ ಅಕ್ಕ ಸ್ಟೆಫಾಳ ಮನೆ ಸೇರಿದವನು ಉಂಡು ತಿಂದು ಚೆನ್ನಾಗಿಯೇ ಇರುತ್ತಾನೆ. ಇದು ಬರೀ ಕೆಲಸದ ಕಾಗದ. ಹೆಂಡತಿ ಗಂಡನಿಗೆ ಬರೆದದ್ದಲ್ಲ. ಮೇಪಲ್ ಪಾಕದ ಟಿವಿ ಕಾರ್ಟೂನ್ ಜಾಹೀರಾತಿಗೆ ಲೇಔಟ್ ಮಾಡಿದವಳು, ಅಂದರೆ ಕೋಣೆ ಹೇಗಿರಬೇಕು, ಯಾರು ಎಲ್ಲಿ ನಿಲ್ಲಬೇಕು ಎಂದು ಬರೆದುಕೊಟ್ಟವಳು, ಆ ಕೋಣೆಯಲ್ಲಿ ಕರಡಿಗಳನ್ನು ಚಿತ್ರಿಸಿ ನಡೆಸುವವನಿಗೆ ಬರೆದದ್ದು.

ಹ್ಯಾಮಿಲ್ಟನ್ನಿನ ಅಕ್ಕನ ಮನೆಯಿಂದ ನೀನು ಕಳಿಸಿದ ಚಿತ್ರಗಳನ್ನು ಶುಕ್ರವಾರ ಪೆನ್ಸಿಲ್ ಗೆರೆಯಲ್ಲೇ ಓಡಿಸಿ ನೋಡಿದೆವು. ಪಾಕದ ಕಂಪನಿಯ ಹೋಲ್ಡ್‌ಕ್ರಾಫ್ಟ್ ಕೂಡ ಬಂದಿದ್ದರು. ನಾನು ಬರೆದ ಅಡುಗೆಮನೆಯಲ್ಲಿ ಅಮ್ಮ ಕರಡಿ ಪಾಕ ಸುರಿದ ಪ್ಯಾನ್‌ಕೇಕ್ ಬಡಿಸಿತು. ಮರಿ ತಟ್ಟೆ ನೆಕ್ಕಿತು. ಅಪ್ಪ ಕರಡಿ ಎದ್ದು, ಟೋಪಿ ಹಾಕಿಕೊಂಡು, ಬಾಗಿಲು ತೆರೆದು ಹೊರಗೆ ಹೋಯಿತು. ಆಮೇಲೆ ಜಾಹೀರಾತು ಮುಗಿಯುವವರೆಗೂ ಬರಲೇ ಇಲ್ಲ.

“ಅಲ್ಲ, ಯಜಮಾನ ಎಲ್ಲಿ ಹೋದ?” ಎಂದು ಹೋಲ್ಡ್‌ಕ್ರಾಫ್ಟ್ ಕೇಳಿದರು. ಕೋಣೆಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ನಮ್ಮ ಮನೆಯ ಸುದ್ದಿ ಸ್ಟುಡಿಯೋದ ಗೋಡೆಗಳಿಗೂ ಗೊತ್ತು. ನಿರ್ದೇಶಕ ಕ್ಲಿಫ್ ಗಂಟಲು ಸರಿಮಾಡಿಕೊಂಡು, “ಹಾಲು ತರೋಕೆ ಹೋಗಿರಬೇಕು ಸರ್” ಅಂದ. “ನಾನು ಮಾರೋದು ಪಾಕ ಕಣಯ್ಯ, ಹಾಲಲ್ಲ. ಬುಧವಾರದೊಳಗೆ ಅವನು ವಾಪಸ್ ಬಂದು ಕೂತು ತಿನ್ನಬೇಕು. ಇಲ್ಲಾಂದ್ರೆ ಬೇರೆ ಸ್ಟುಡಿಯೋ ನೋಡ್ಕೋತೀನಿ” ಎಂದು ಅವರು ಎದ್ದು ಹೋದರು.

ಚಿತ್ರದ ಅಂಚಿನಲ್ಲಿ ನೀನು ಗೀಚಿದ್ದನ್ನು ಆಮೇಲೆ ಓದಿದೆ. ‘ಮೇಜು ಬಾಗಿಲಿಗೆ ಅಡ್ಡ ಇದೆ. ಈ ಮನೇಲಿ ದಪ್ಪಗಿರೋ ಗಂಡಸು ಒಳಗೆ ಬರೋಕೆ ಜಾಗ ಇಲ್ಲ.’ ಹೋಗುವಾಗ ಇದ್ದ ಜಾಗ ಬರುವಾಗ ಎಲ್ಲಿ ಹೋಯಿತು ಸ್ವಾಮಿ? ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತು. ಸಿಟ್ಟಿನಲ್ಲಿ ಅಳತೆಪಟ್ಟಿ ತೆಗೆದು ಅಳೆದೆ. ಮೇಜಿಗೂ ಬಾಗಿಲಿಗೂ ನಡುವಿನ ಸಂದಿ ಕಿರಿದಾಗಿಯೇ ಇತ್ತು. ಕರಡಿ ಹೊಟ್ಟೆ ಒಳಗೆಳೆದುಕೊಂಡು, ಮುಖ ಗಂಟಿಕ್ಕಿಕೊಂಡು ದಾಟುವುದನ್ನು ನೀನು ಎಷ್ಟು ಚೆನ್ನಾಗಿ ಬರೆದಿದ್ದೀಯೆಂದರೆ, ಒಬ್ಬಳೇ ಕೂತು ನಕ್ಕುಬಿಟ್ಟೆ. ನಕ್ಕದ್ದು ನಿನಗೆ ಹೇಳಬೇಕೆಂದಿರಲಿಲ್ಲ.

ಮನೆ ಬಿಟ್ಟ ದಿನ ನೀನು ಅಂದದ್ದು ನೆನಪಿದೆ. “ಮನೇಲೂ ಲೇಔಟ್ ಮಾಡ್ತೀಯಲ್ಲೇ ಥೆಲ್ಮಾ. ಕುರ್ಚಿಗೊಂದು ಜಾಗ, ದೀಪಕ್ಕೊಂದು ಜಾಗ. ನಾನೆಲ್ಲಿ ನಿಲ್ಬೇಕು ಅಂತ ನೆಲದ ಮೇಲೆ ಒಂದು ಗುರುತು ಹಾಕಿಬಿಡು.” ನೀನು ಚಿತ್ರ ಬರೆಯುವ ಮೇಜನ್ನು ನೆಲಮಾಳಿಗೆಗೆ ಇಳಿಸಿದ್ದು ಕೋಣೆ ಅಂದವಾಗಿ ಕಾಣಲಿ ಎಂದು. ಈಗ ಕೋಣೆ ಬಹಳ ಅಂದವಾಗಿದೆ. ಅಲ್ಲಿ ಕೂರಲು ಮಾತ್ರ ನನಗೆ ಮನಸ್ಸಾಗುವುದಿಲ್ಲ.

ಕೆಲಸದ ಮಾತಿಗೆ ಬರುತ್ತೇನೆ. ಅಡುಗೆಮನೆಯನ್ನು ಮತ್ತೆ ಬರೆದಿದ್ದೇನೆ. ಮೇಜು ಕಿಟಕಿಯ ಕಡೆ ಸರಿದಿದೆ, ಬಾಗಿಲು ಅಗಲವಾಗಿದೆ. ಯಾರು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಎಂದಿನಂತೆ ಬಾಣದ ಗುರುತು ಹಾಕಿದ್ದೇನೆ. ಅಪ್ಪ ಕರಡಿಗೆ ಮಾತ್ರ ಹಾಕಿಲ್ಲ. ಅದು ಎಲ್ಲಿ ಬೇಕಾದರೂ ಕೂರಲಿ, ಒಲೆಯ ಮೇಲೆ ಕೂತರೂ ನಾನು ಕೇಳುವುದಿಲ್ಲ. ಕ್ಲಿಫ್ ಇದನ್ನು ನೋಡಿ, “ಥೆಲ್ಮಾ, ಮೈಗೆ ಹುಷಾರಿದೆ ತಾನೇ?” ಎಂದು ಕೇಳಿದ.

ಬುಧವಾರ ಕರಡಿ ಬರದಿದ್ದರೆ ಈ ಕೆಲಸ ಕೈತಪ್ಪುತ್ತದೆ. ಕೆಲಸ ಬೇರೆ ಸಿಗುತ್ತದೆ, ಅದರ ಚಿಂತೆ ನನಗಿಲ್ಲ. ಅಪ್ಪ ಕರಡಿ ಬರಬೇಕು, ಅಷ್ಟೇ.

ಇಂತಿ,
ಥೆಲ್ಮಾ
ಲೇಔಟ್ ವಿಭಾಗ

ತಾ.ಕ.: ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಅಕ್ಕನ ಮನೆಯೆದುರು ಕಾರಿನಲ್ಲಿ ಕೂತು, ಬೆರಳು ಮರಗಟ್ಟಿಸಿಕೊಂಡು ಬರೆಯುತ್ತಿದ್ದೇನೆ. ಬಾಗಿಲ ಸಂದಿಯಿಂದ ತೂರಿಸಿ, ಬೆಲ್ ಒತ್ತಿ ಕಾರಿಗೆ ಓಡಿಬರುತ್ತೇನೆ. ಬೇಗ ಇಳಿದು ಬಾ. ಸ್ಟೆಫಾಳ ಕಣ್ಣಿಗೆ ನಾನು ಬಿದ್ದರೆ ಒಳಗೆ ಎಳೆದುಕೊಂಡು ಹೋಗಿ ಎಲೆಕೋಸಿನ ಸುರುಳಿ ತಿನ್ನಿಸದೆ ಬಿಡುವವಳಲ್ಲ. ಹಿಂದಿನ ಸೀಟು ಮಡಚಿದ್ದೇನೆ, ನಿನ್ನ ಸಾಮಾನೆಲ್ಲ ಹಿಡಿಸುತ್ತದೆ. ಹೇಗೆ ಜೋಡಿಸಬೇಕೆಂದು ನಾನು ಬಾಯಿ ಬಿಡುವುದಿಲ್ಲ.