ಪ್ಲಾಸ್ಟಿಕ್ ಕವರಿನ ವಿಮೆ ಪತ್ರ

ಹೇಸ್ಟಿಂಗ್ಸ್, ನ್ಯೂಜಿಲೆಂಡ್
ಏಪ್ರಿಲ್ 9

ಮಿರ್ತಾ ಅಮ್ಮನವರಿಗೆ,

ನಿಮ್ಮ ಮಗ ಫಾಕುವಿನ ದೇಹವನ್ನು ಅರ್ಜೆಂಟೀನಾಕ್ಕೆ ಕಳಿಸಲು ವಿಮೆ ಕಂಪನಿ ಏಕೆ ಒಪ್ಪುತ್ತಿಲ್ಲ ಎಂದು ಕೇಳಿದ್ದೀರಿ. ಅವರಿಗೆ ಇನ್ನು ಫೋನ್ ಮಾಡಬೇಡಿ. ವಿಮೆ ಇಲ್ಲ.

ನಾವು ಹೊರಟ ದಿನ ನೀವು ಪ್ಲಾಸ್ಟಿಕ್ ಕವರಿಗೆ ಹಾಕಿ ಅವನ ಬ್ಯಾಗಿನಲ್ಲಿಟ್ಟ ವಿಮೆ ಪತ್ರ ಹಾಗೇ ಇದೆ. "ಇದೊಂದು ಇದ್ರೆ ನಂಗೆ ನಿದ್ದೆ ಬರತ್ತೆ ಕಣೋ" ಎಂದಿದ್ದಿರಿ. ಇಲ್ಲಿ ಇಳಿದ ವಾರದೊಳಗೇ ಅವನು ಅದನ್ನು ರದ್ದು ಮಾಡಿಸಿ ಹಣ ವಾಪಸ್ ಪಡೆದ. ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ತೋರಿಸಿದರೆ ಸಾಕು, ಆಮೇಲೆ ಯಾರೂ ಕೇಳುವುದಿಲ್ಲ. ಸೇಬಿನ ತೋಟದ ಕೆಲಸಕ್ಕೆ ಬರುವ ನಮ್ಮಂಥವರು ಅನೇಕರು ಹೀಗೇ ಮಾಡುತ್ತಾರೆ. ಅವನಿಗೆ ಹೇಳಿಕೊಟ್ಟವಳು ನಾನು. ನನ್ನದನ್ನೂ ರದ್ದು ಮಾಡಿಸಿದೆ. ಆ ಹಣದಲ್ಲಿ ಇಬ್ಬರೂ ಸೇರಿ ಹಳೆ ಕಾರು ಕೊಂಡೆವು.

ಇಲ್ಲಿ ಬಿದ್ದು ಕಾಲು ಮುರಿದರೆ ಸರ್ಕಾರವೇ ನೋಡಿಕೊಳ್ಳುತ್ತದೆ, ಕಾಯಿಲೆಯಾದರೆ ನಮ್ಮಂಥವರನ್ನು ನೋಡಿಕೊಳ್ಳುವುದಿಲ್ಲ. ಜ್ವರದ ಮೂರನೇ ದಿನ, ಕುತ್ತಿಗೆ ಬಗ್ಗಿಸಲಾಗದೆ ಮಲಗಿದ್ದವನಿಗೆ, ಡಾಕ್ಟರ ಹತ್ತಿರ ಹೋಗೋಣ ಎಂದೆ. "ಏಣಿ ತಗೊಂಡ್ ಬಾರೇ, ಹತ್ತಿ ಬೀಳ್ತೀನಿ. ಆಗ ಬಿಟ್ಟಿ ನೋಡ್ತಾರೆ" ಎಂದ. ನಾನು ನಕ್ಕುಬಿಟ್ಟೆ, ಒತ್ತಾಯಿಸಲಿಲ್ಲ. ಮರುದಿನ ಅದೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದಾಗ ಅವನಿಗೆ ಪ್ರಜ್ಞೆ ಇರಲಿಲ್ಲ.

ಕಾರು ಮಾರಿದ್ದೇನೆ. ಇಲ್ಲೇ ದಹನ ಮಾಡಿಸಿ ಬೂದಿ ಕಳಿಸುವಷ್ಟು ಹಣ ಬಂದಿದೆ. ಇದರ ಜೊತೆಗಿರುವ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ ಕಳಿಸಿ.

ಅವನ ಬಟ್ಟೆಗಳನ್ನೂ ಕಳಿಸುತ್ತೇನೆ. ಆ ಕವರನ್ನು ಜೊತೆಗೆ ಇಡಲೋ ಬೇಡವೋ, ಅದನ್ನೂ ಬರೆಯಿರಿ.

ನಿಮ್ಮ ಕೈತುತ್ತು ತಿಂದವಳು,
ಐಲೆನ್