ಹೂಕುಂಡಕ್ಕೆ ಕೈಮುಗಿದ ರಾಜಕುಮಾರರು

ದಿನಾಂಕ ೧೪, ಸೋಮವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ಪುಟ್ಟಿಯ ನಮಸ್ಕಾರ. ನಿನ್ನ ಎರಡು ಕಾಗದಗಳೂ ಬಂದು ತಿಂಗಳಾಯಿತು. ಕೆಲಸ ಜಾಸ್ತಿ ಎಂದು ನೆಪ ಹೇಳಬಹುದು, ನೀನು ನಂಬುವವನಲ್ಲ. ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಎದ್ದುಬಿಡುತ್ತಿದ್ದೆ. ತಪ್ಪಾಯಿತು, ಬೈದುಕೋ. ಅತ್ತಿಗೆಯ ಬೆನ್ನುನೋವು ಹೇಗಿದೆ? ಅಂಗಡಿಗೆ ಹೊಸ ಕುರ್ಚಿ ಬಂತೆ? ಬಂದಿದ್ದರೂ ಹಳೆಯದನ್ನು ಬಿಸಾಡಲು ಅಪ್ಪ ಬಿಟ್ಟಿರಲಾರರು.

ನೀನು ಕೇಳಿದ ವಿಷಯಕ್ಕೇ ಬರುತ್ತೇನೆ. ನಾನು ಮಾಡಿದ ಬೊಂಬೆ ತೋರಿಸಲು ಅಪ್ಪನನ್ನು ಯಾವಾಗ ಕರೆತರಲಿ ಎಂದು ನೀನು ಕೇಳಿದ್ದೆ. ಗಿರಾಕಿಯ ಕೆನ್ನೆಯ ಮೇಲೆ ಕತ್ತಿ ಇರುವಾಗಲೇ ಅಪ್ಪ, "ನನ್ ಮಗಳು ಮ್ಯೂಸಿಯಮ್ಮಲ್ಲಿ ನನ್ನನ್ನ ರಾಜಕುಮಾರರ ಮುಂದೆ ನಿಲ್ಸಿದಾಳೆ, ಗೊತ್ತಾ?" ಎನ್ನುತ್ತಾರೆಂದೂ ಬರೆದಿದ್ದೆ. ಓದಿ ನಕ್ಕೆ. ಆಮೇಲೆ ಅತ್ತೆ. ಅಣ್ಣ, ಕರೆದುಕೊಂಡು ಬರಬೇಡ. ಅಪ್ಪ ಈಗ ಮುಂದೆ ಇಲ್ಲ.

ಮೊದಲಿನಿಂದ ಹೇಳುತ್ತೇನೆ. ಬೌದ್ಧಧರ್ಮ ಹುಟ್ಟಿದ ಬಗೆಯನ್ನು ತೋರಿಸುವ ನಮ್ಮ ಮ್ಯೂಸಿಯಮ್ಮಿನ ಹೊಸ ಹಜಾರಕ್ಕೆ ಆಳೆತ್ತರದ ಏಳು ಬೊಂಬೆ ಬೇಕು ಎಂದಾಗ, ಯಾವ ಪ್ರಸಂಗ ಎಂಬುದನ್ನು ನಾನೇ ಆರಿಸಿದ್ದೆ. ಆರು ಜನ ಶಾಕ್ಯ ರಾಜಕುಮಾರರು ಬುದ್ಧನ ಸಂಘ ಸೇರಲು ಹೊರಟರಂತೆ. ಜೊತೆಯಲ್ಲಿ ಅವರ ಕ್ಷೌರಿಕ ಉಪಾಲಿ. ದಾರಿಯಲ್ಲಿ ಒಡವೆಗಳನ್ನೆಲ್ಲ ಬಿಚ್ಚಿ ಗಂಟು ಕಟ್ಟಿ, "ಇಷ್ಟು ಸಾಕು ನಿನ್ನ ಜೀವನಕ್ಕೆ, ಹಿಂದಿರುಗು" ಎಂದು ಅವನ ಕೈಗೆ ಕೊಟ್ಟರು. ಅವನು ಗಂಟನ್ನು ಮರಕ್ಕೆ ನೇತುಹಾಕಿ ತಾನೂ ಅವರ ಹಿಂದೆಯೇ ಬಂದ. ಆಗ ಆ ರಾಜಕುಮಾರರು ಬುದ್ಧನಲ್ಲಿ ಏನು ಬೇಡಿಕೊಂಡರು ಗೊತ್ತೆ? ಮೊದಲು ಇವನಿಗೆ ದೀಕ್ಷೆ ಕೊಡಿ, ನಾವು ಇವನಿಗೆ ಎದ್ದು ನಿಂತು ಕೈಮುಗಿಯುವಂತಾಗಲಿ, ನಮ್ಮ ಕುಲದ ಸೊಕ್ಕು ಇಳಿಯಲಿ, ಎಂದು. ಹಾಗೆಯೇ ಆಯಿತು. ಸಂಘದಲ್ಲಿ ಮೊದಲು ಸೇರಿದವನೇ ಹಿರಿಯ, ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಎಂಬ ಪ್ರಶ್ನೆಯೇ ಇಲ್ಲ. ಬುದ್ಧ ತೀರಿಕೊಂಡ ಮೇಲೆ ಸಂಘದ ನಿಯಮಗಳನ್ನು ಒಪ್ಪವಾಗಿ ಹೇಳಬಲ್ಲವರು ಯಾರೆಂದು ಹಿರಿಯರೆಲ್ಲ ಕೂತಾಗ ಕೇಳಿದ್ದು ಈ ಕ್ಷೌರಿಕನನ್ನೇ. ಹುಟ್ಟಿದ ಮನೆ ನೋಡಿ ಮಣೆ ಹಾಕುತ್ತಿದ್ದ ಕಾಲದಲ್ಲಿ ಇದೇನು ಸಣ್ಣ ಮಾತೆ?

ನಮ್ಮಪ್ಪನ ಹಳೆಯ ತಮಾಷೆ ನೆನಪಾಯಿತು. "ಎಂಥ ದೊಡ್ಡ ಮನುಷ್ಯನೇ ಬರ್ಲಿ, ನನ್ ಮುಂದೆ ತಲೆ ಬಗ್ಗಿಸ್ಲೇಬೇಕು." ನಿನ್ನಿಂದ ಅಪ್ಪನ ಫೋಟೋ ತರಿಸಿಕೊಂಡಿದ್ದು ಅದಕ್ಕೇ. ಹಣೆಯ ಮೂರು ಗೆರೆ, ಓರೆ ಹುಬ್ಬು, ಕತ್ತಿ ಹಿಡಿದು ಹಿಡಿದು ಚಪ್ಪಟೆಯಾದ ಹೆಬ್ಬೆರಳು, ಒಂದನ್ನೂ ಬಿಡಲಿಲ್ಲ. ಚಿಕ್ಕಂದಿನಲ್ಲಿ ಅಂಗಡಿಯ ಮೂಲೆಯಲ್ಲಿ ಕೂತು ಊರವರ ತಲೆಗಳನ್ನೆಲ್ಲ ನೋಡಿ ಬೆಳೆದವಳು ನಾನು. ರಾಜಕುಮಾರರ ಬೋಳುತಲೆಗಳನ್ನು ಕಣ್ಣು ಮುಚ್ಚಿ ಮಾಡಿದೆ. ಆರು ಜನರೂ ಕೈಮುಗಿದು ಬಾಗಿದ್ದಾರೆ, ಎದುರಿಗೆ ಭಿಕ್ಷಾಪಾತ್ರೆ ಹಿಡಿದು ಅಪ್ಪ. ಏಳು ತಿಂಗಳ ಕೆಲಸ.

ಉದ್ಘಾಟನೆಗೆ ಎರಡು ದಿನ ಇರುವಾಗ ನಮ್ಮ ಮೇಲಧಿಕಾರಿ ಬಂದರು. ನಾನು ಮನಸ್ಸಿನಲ್ಲೇ ಅವರಿಗೆ ಬೋಳುಮುಚ್ಚಿ ಎಂದು ಹೆಸರಿಟ್ಟಿದ್ದೇನೆ. ಎಡಗಿವಿಯ ಮೇಲಿನ ನಾಲ್ಕೇ ನಾಲ್ಕು ಕೂದಲನ್ನು ಬಲಗಿವಿಯವರೆಗೆ ಎಳೆದು ಅಂಟಿಸುತ್ತಾರೆ. ಬೊಂಬೆಗಳಿಗೆ ಒಂದು ಸುತ್ತು ಬಂದು, "ಏನಮ್ಮಾ ಇದು, ರಾಜಕುಮಾರರು ಹೋಗಿ ಹೋಗಿ ಕ್ಷೌರಿಕನಿಗೆ ಕೈಮುಗಿಯೋದಾ? ಬರೋ ಅತಿಥಿಗಳಿಗೆ ಚೆನ್ನಾಗಿ ಕಾಣಲ್ಲ" ಎಂದರು.

"ಸರ್, ಕಥೆಯೇ ಅದು" ಎಂದೆ.

"ಕಥೆ ಬೋರ್ಡಲ್ಲಿ ಇರುತ್ತಲ್ಲ."

ಬೋರ್ಡನ್ನು ಹೋಗಿ ನೋಡಿದೆ. "ರಾಜಕುಮಾರರು ತಮ್ಮ ಸೇವಕನೊಂದಿಗೆ ಸಂಘವನ್ನು ಸೇರಿದರು." ಅಷ್ಟೇ! ಸೇವಕನಿಗೆ ಹೆಸರೂ ಇಲ್ಲ. ಮೈಯೆಲ್ಲ ಉರಿದುಹೋಯಿತು. ಕೇಳಿದರೆ, "ಚರಿತ್ರೆ ಏನೂ ತಿದ್ದಿಲ್ಲಮ್ಮ, ಜಾಗ ಸ್ವಲ್ಪ ಬದಲಾಯಿಸ್ತೀವಿ ಅಷ್ಟೇ" ಎಂದರು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ! ಆ ಚರಿತ್ರೆಯಲ್ಲಿ ಜಾಗ ಬಿಟ್ಟರೆ ಇನ್ನೇನಿದೆ ಅಣ್ಣ? ಯಾರು ಮುಂದೆ, ಯಾರು ಹಿಂದೆ, ಅದನ್ನು ತಾನೆ ಅವತ್ತು ತಲೆಕೆಳಗು ಮಾಡಿದ್ದು? ಎರಡೂವರೆ ಸಾವಿರ ವರ್ಷದ ಹಿಂದಿನ ಆ ಕೆಲಸವನ್ನು ಇವರು ಒಂದು ತಳ್ಳುಗಾಡಿ, ನಾಲ್ಕು ಜನ ಕೆಲಸಗಾರರನ್ನು ಇಟ್ಟುಕೊಂಡು ಒಂದು ಗಂಟೆಯಲ್ಲಿ ರದ್ದು ಮಾಡಿದರು.

ಅಪ್ಪನ ಬೊಂಬೆ ಈಗ ಹಿಂದಿನ ಗೋಡೆಯ ಪಕ್ಕ, ಸ್ವಿಚ್ಚುಗಳ ಕೆಳಗಿದೆ. ಪಾತ್ರೆಯನ್ನು ಗರಗಸದಿಂದ ಕೊಯ್ದು ಅದೇ ಕೈಗೆ ಒಡವೆಯ ಗಂಟು ಕಟ್ಟಿದ್ದಾರೆ. ಮರಕ್ಕೆ ನೇತುಹಾಕಿ ಬಂದಿದ್ದನ್ನು ಮತ್ತೆ ಅವನ ಕೈಗೇ! ಕೊಯ್ಯುವಾಗ ಹೆಬ್ಬೆರಳು ಮುರಿದು ಬಿತ್ತು. ಅದನ್ನು ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಇನ್ನೊಂದು ಕೇಳು, ನಗಬೇಕೋ ಅಳಬೇಕೋ ನೀನೇ ಹೇಳು. ರಾಜಕುಮಾರರ ಬಾಗಿದ ಬೆನ್ನನ್ನು ನೆಟ್ಟಗೆ ಮಾಡಲು ಬರುವುದಿಲ್ಲವಲ್ಲ, ಎದುರಿನ ಜಾಗ ಖಾಲಿ. ಬೋಳುಮುಚ್ಚಿ ತಮ್ಮ ಕೋಣೆಯಿಂದ ಒಂದು ಹೂಕುಂಡ ತರಿಸಿ ಅಲ್ಲಿಟ್ಟರು. ಆರು ಜನ ಶಾಕ್ಯ ಕುಮಾರರು ಈಗ ಕ್ರೋಟನ್ ಗಿಡಕ್ಕೆ ಕೈಮುಗಿದು ನಿಂತಿದ್ದಾರೆ. ಉದ್ಘಾಟನೆಗೆ ಬಂದವರೆಲ್ಲ ತಲೆದೂಗಿ ಹೋದರು. ಗಿಡಕ್ಕೆ ಬಾಗಬಹುದಂತೆ, ಕ್ಷೌರಿಕನಿಗೆ ಕೂಡದಂತೆ. ಮರುದಿನ ಇದೇ ಮನುಷ್ಯ ಯಾವನೋ ಕ್ಷೌರಿಕನ ಮುಂದೆ ಕತ್ತು ಬಗ್ಗಿಸಿ ಕೂತಿರುವುದಿಲ್ಲವೆ?

ಅಪ್ಪ ಇದನ್ನು ನೋಡುವುದು ಬೇಡ. ಹಜಾರ ದುರಸ್ತಿಯಲ್ಲಿದೆ ಎಂದೋ, ನನಗೆ ರಜೆ ಇಲ್ಲ ಎಂದೋ ಏನಾದರೂ ಹೇಳು. ಅತ್ತಿಗೆ ಭಾರ ಎತ್ತದಿರಲಿ. ನಿನ್ನ ಮಗಳು ಚೆನ್ನಾಗಿ ಓದಲಿ, ಈ ಅತ್ತೆಯ ಆಯಸ್ಸೂ ಅವಳಿಗೇ ಸೇರಲಿ. ಕತ್ತಿ ಹಿಡಿಯುವ ನಿನ್ನ ಕೈ ಯಾವತ್ತೂ ನಡುಗದಿರಲಿ.

ನಿನ್ನ ತಂಗಿ,
ಪುಟ್ಟಿ

ಮತ್ತೆ: ಕವರು ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಒಂದು ಮಾತು ಬಿಟ್ಟಿದ್ದೆ, ಮರೆತಲ್ಲ. ಅವತ್ತು ಬೋಳುಮುಚ್ಚಿ ಎಲ್ಲರೆದುರು ಉಪಾಲಿಯ ಬೊಂಬೆ ತೋರಿಸಿ, "ಇದು ಯಾರ ಮುಖಮ್ಮಾ?" ಎಂದು ಕೇಳಿದರು. "ಯಾರೋ ಸರ್, ಬಸ್‌ಸ್ಟಾಪಲ್ಲಿ ನೋಡಿದ ಮುದುಕ" ಎಂದೆ. "ಹಾಗಾದ್ರೆ ಹಿಂದಕ್ಕೆ ಇಡೋಕೆ ನಿಮಗೇನು ತೊಂದರೆ?" ಎಂದರು. ನಾನು ತಳ್ಳುಗಾಡಿಗೆ ದಾರಿ ಬಿಟ್ಟೆ. ಹನ್ನೊಂದು ವರ್ಷದಿಂದ ಇಲ್ಲಿ ಎಲ್ಲರ ಪಾಲಿಗೆ ನಮ್ಮಪ್ಪ ನಿವೃತ್ತ ಮೇಷ್ಟ್ರು. ಕೆಲಸಕ್ಕೆ ಸೇರಿದ ದಿನ ಯಾರೋ ಕೇಳಿದಾಗ ನಾನೇ ಹಾಗೆ ಹೇಳಿದೆ. ಅವತ್ತಿನಿಂದ ಅಪ್ಪನನ್ನು ಗೋಡೆಯ ಪಕ್ಕಕ್ಕೆ ನಿಲ್ಲಿಸಿದವಳು ನಾನೇ, ಬೋಳುಮುಚ್ಚಿ ಆಮೇಲೆ ಬಂದವರು. ನಮ್ಮ ಗೇಟಿನಲ್ಲಿ, ನಮ್ಮನ್ನು ನೋಡಲು ಬಂದವರ ಹೆಸರು, ಕಸುಬು, ಸಂಬಂಧ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಪ್ಪ ಮೆಲ್ಲಗೆ ಹೇಳುವವರಲ್ಲ. "ಕ್ಷೌರದ ಕೆಲಸ ನಂದು, ಮಗಳನ್ನ ನೋಡೋಕೆ ಬಂದಿದೀನಿ" ಎಂದು ಇಡೀ ಬೀದಿಗೆ ಕೇಳಿಸುವಂತೆ ಹೇಳುತ್ತಾರೆ. ಕರೆದುಕೊಂಡು ಬರಬೇಡ ಎಂದು ಬರೆದದ್ದು ಆ ಮಾತಿಗೆ ಹೆದರಿ, ಅಣ್ಣ.