ಫಾಬ್ರಿ ಆಡದ ಮಾತು

ರೊಸಾರಿಯೊ
ಭಾನುವಾರ, ಜೂನ್ 9, 1996

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ದಕ್ಷಿಣದ ಆ ಕೊಮೊದೊರೊ ಊರಿನಲ್ಲಿ ಈಗ ಗಾಳಿ ಹುಚ್ಚೆದ್ದಿರಬೇಕು. ಎಣ್ಣೆಬಾವಿಯ ಕೆಲಸಕ್ಕೆ ಹೋಗುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲ ಚೀಲದಲ್ಲೇ ಬಿಟ್ಟಿದ್ದೀಯೋ? ಅಮ್ಮ ಆರೋಗ್ಯವಾಗಿದ್ದಾಳೆ. ತಮ್ಮ ಫಾಬ್ರಿ ನನಗಿಂತ ಎತ್ತರವಾಗಿದ್ದಾನೆ, ಹೋದ ಚಳಿಗಾಲದ ಕೋಟಿನ ತೋಳು ಅವನ ಮೊಣಕೈ ದಾಟುವುದಿಲ್ಲ. ಹದಿನಾಲ್ಕು ತುಂಬಿದರೂ ಬಾಯಲ್ಲಿ ಮಾತಿಲ್ಲ. ಮೊದಲಿನಂತೆಯೇ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತ ಕೂರುತ್ತಾನೆ.

ಈ ವಿಷಯವನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಫಾಬ್ರಿಗೆ ಪಾಠ ಹೇಳಲು ಮನೆಗೆ ಬರುವ ಒಫೇಲಿಯಾ ಮೇಡಂ ಮೊದಲ ಸಲ ಅವನ ಮಣಿಕಟ್ಟು ಹಿಡಿದು, ಅಕ್ಷರದ ಹಲಗೆಯ ಮೇಲೆ ಬೆರಳು ಇಡಿಸಿ ಮಾತಾಡಿಸಿದ ದಿನ ನಿನಗೆ ನೆನಪಿದೆ. "ಅಮ್ಮಾ, ನಿನ್ನ ಸೂಪು ನಂಗಿಷ್ಟ" ಎಂದು ಬಂತು. ಅಮ್ಮ ಅಡುಗೆಮನೆಯ ನೆಲದಲ್ಲೇ ಕುಳಿತು ಅತ್ತಳು, ನೀನು ಬೀದಿಯವರಿಗೆಲ್ಲ ವೈನ್ ಹಂಚಿದೆ. ಹೋದ ವರ್ಷ ಅದೇ ಹಲಗೆಯ ಮೇಲೆ "ಅಪ್ಪ ಮನೆಯಲ್ಲಿದ್ದರೆ ನಂಗೆ ಭಯ" ಎಂದು ಬಂತು. ನೀನು ಯಾರ ಜೊತೆಗೂ ಜಗಳವಾಡಲಿಲ್ಲ. ದಕ್ಷಿಣದ ಕೆಲಸ ಒಪ್ಪಿಕೊಂಡು ಹೋದವನು ಕ್ರಿಸ್‌ಮಸ್‌ಗೂ ಬರಲಿಲ್ಲ.

ನಮ್ಮ ಕಾಲೇಜಿನ ಮನಶ್ಶಾಸ್ತ್ರ ವಿಭಾಗ ನಿನಗೆ ಗೊತ್ತಲ್ಲ, ಕ್ಯಾಂಟೀನಿನವನೂ ಕನಸಿಗೆ ಅರ್ಥ ಹೇಳುತ್ತಾನೆ. ಆದರೆ ಈ ವರ್ಷ ಪ್ರಯೋಗದ ಪಾಠಕ್ಕೆ ಬಂದಿರುವ ತಬೊರ್ದಾ ಮೇಡಂ ಬೇರೆ ಥರದವರು. ಲೆಕ್ಕ ಮಾಡುವ ಕುದುರೆಯೊಂದರ ಕಥೆ ಹೇಳಿದರು. ಅದು ಲೆಕ್ಕ ಮಾಡುತ್ತಿರಲಿಲ್ಲವಂತೆ, ಯಜಮಾನನ ಮುಖ ನೋಡಿ ಗೊರಸು ಬಡಿಯುವುದನ್ನು ನಿಲ್ಲಿಸುತ್ತಿತ್ತಂತೆ. ಯಜಮಾನ ಮೋಸಗಾರನೂ ಅಲ್ಲ. ತಾನು ಸುಳಿವು ಕೊಡುತ್ತಿದ್ದೇನೆಂದು ಅವನಿಗೇ ತಿಳಿದಿರಲಿಲ್ಲ. "ನಂಬಬೇಡಿ ಅಂತ ನಾನು ಹೇಳಲ್ಲ" ಎಂದರು ಮೇಡಂ. "ನಂಬಿದ್ದು ತಪ್ಪಾಗಿದ್ರೆ ಅದು ಎಲ್ಲಿ ಕಾಣುತ್ತೆ ಅಂತ ಮೊದ್ಲು ಹೇಳಿ. ಆಮೇಲೆ ಅಲ್ಲೇ ಹೋಗಿ ನೋಡಿ." ನನಗೆ ನಮ್ಮ ಮನೆಯ ಅಕ್ಷರದ ಹಲಗೆ ನೆನಪಾಯಿತು. ಬೆರಳು ಅಕ್ಷರ ಮುಟ್ಟುವಾಗ ನಮ್ಮ ಫಾಬ್ರಿ ಕಿಟಕಿಯ ಕಡೆ ನೋಡುತ್ತಿರುತ್ತಾನೆ. ಹಲಗೆ ನೋಡುವವರು ಒಫೇಲಿಯಾ ಮಾತ್ರ.

ಒಮ್ಮೆ ಪರೀಕ್ಷೆ ಮಾಡಿ ನೋಡೋಣ ಎಂದು ಅಮ್ಮನಿಗೆ ಹೇಳಿದೆ. "ನಿನ್ ಓದು ಇರೋದು ತಮ್ಮನ ಬಾಯಿ ಮುಚ್ಚೋಕಾ?" ಎಂದಳು. ಒಪ್ಪಿದ್ದು ಒಫೇಲಿಯಾ. "ಮಾಡಮ್ಮ, ನಂಗೂ ಗೊತ್ತಾಗ್ಲಿ" ಎಂದು ಅವರೇ ಕುರ್ಚಿ ಎಳೆದುಕೊಂಡರು. ಒಬ್ಬರ ಚಿತ್ರ ಇನ್ನೊಬ್ಬರಿಗೆ ಕಾಣದಂತೆ ಅವರ ಮತ್ತು ಫಾಬ್ರಿಯ ನಡುವೆ ರಟ್ಟು ನಿಲ್ಲಿಸಿ ಚಿತ್ರಗಳನ್ನು ಹಿಡಿದೆ. ಇಬ್ಬರಿಗೂ ಒಂದೇ ಚಿತ್ರ ತೋರಿಸಿದಾಗ ಎಲ್ಲವೂ ಸರಿ ಬಂತು. ಆಮೇಲೆ ಅವನಿಗೆ ದೋಣಿ, ಅವರಿಗೆ ನಾಯಿ. ಹಲಗೆಯ ಮೇಲೆ ಬಂದದ್ದು ನಾಯಿ. ಅವನಿಗೆ ಬ್ರೆಡ್ಡು, ಅವರಿಗೆ ಕೀಲಿಕೈ. ಬಂದದ್ದು ಕೀಲಿಕೈ. ಅವನು ನೋಡಿದ್ದು ಒಂದು ಸಲವೂ ಬರಲಿಲ್ಲ. "ಸಾಕು, ನಿಲ್ಸು" ಎಂದು ಅಮ್ಮ ಫಾಬ್ರಿಯನ್ನು ಎಬ್ಬಿಸಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಫೇಲಿಯಾ ತಮ್ಮ ಕೈಯನ್ನೇ ನೋಡುತ್ತ ಕುಳಿತಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಆ ಭಯದ ಮಾತು ನಂದೇ ಇರ್ಬೇಕು ಕಣೇ. ನಮ್ಮಪ್ಪ ಮನೆಗೆ ಬಂದ್ರೆ ನಾನು ಮಂಚದ ಕೆಳಗೆ ಸೇರ್ತಿದ್ದೆ" ಎಂದರು. ಅದೇ ಕಾರಣವೋ ಅಲ್ಲವೋ, ನಾನು ಹೇಳಲಾರೆ. ಅವರ ಮೇಲೆ ಮಾತ್ರ ಸಿಟ್ಟಾಗಬೇಡ ಅಪ್ಪಾ.

ಗೆದ್ದೆ ಎಂದು ನನಗೆ ಅನಿಸಲಿಲ್ಲ. ಬಹಳ ದಿನಗಳ ಮೇಲೆ ಒಂದು ಮಧ್ಯಾಹ್ನ ಅಮ್ಮ ಮಾತೆ ಎಲೆಯ ಚಹಾ ಕುಡಿಯುತ್ತ, "ಹಾಗಾದ್ರೆ ಇಷ್ಟು ದಿನ ನಾನು ಯಾರ ಜೊತೆ ಮಾತಾಡ್ತಿದ್ದೆ?" ಎಂದು ಕೇಳಿದಳು. ಫಾಬ್ರಿಗೆ ಭಯವಿಲ್ಲ ಎಂದು ನಿನಗೆ ಬರೆಯಲು ಅಂದೇ ಕುಳಿತೆ. ಅವಳು ನನ್ನ ಪೆನ್ನು ಕಿತ್ತುಕೊಂಡಳು. "ಆ ಮಾತು ಅವನದ್ದಲ್ಲ ಅಂತ ಗೊತ್ತಾಯ್ತು. ಭಯ ಇಲ್ಲ ಅಂತ ಯಾರು ಹೇಳಿದ್ರು? ಅದನ್ನ ನೋಡಿದ್ಯಾ ನೀನು?" ಎಂದಳು. ಪಾಠಕ್ಕೆ ಹೋಗುವವಳು ನಾನು, ಕೇಳಬೇಕಾದ್ದನ್ನು ಕೇಳಿದವಳು ಅವಳು.

ಹಾಗಾಗಿ ನೋಡಿದೆವು. ನೀನು ಫುಟ್‌ಬಾಲ್ ನೋಡುತ್ತ ಕೂಗಾಡಿದ್ದನ್ನು ಮುದ್ರಿಸಿದ್ದ ಹಳೆಯ ಕ್ಯಾಸೆಟ್ಟು ಸಿಕ್ಕಿತು. ಅದರ ಜೊತೆ ಮಾವನ ದನಿ, ರೇಡಿಯೊದವನ ದನಿ ಎಲ್ಲ ಸೇರಿಸಿ ಹಾಕಿದೆ. ಬೇರೆಯವರು ಮಾತಾಡುವಾಗ ಅವನು ಮುಚ್ಚಳ ತಿರುಗಿಸುತ್ತಲೇ ಇದ್ದ. ನಿನ್ನ ಕೂಗು ಬಂದಾಗ ಮುಚ್ಚಳ ಬಿಟ್ಟು ಬಂದು ಟೇಪ್‌ರೆಕಾರ್ಡರಿಗೆ ಕೆನ್ನೆ ಒತ್ತಿ ನಿಂತ. ಇನ್ನೊಂದು ದಿನ ದನಿಗಳ ಸರದಿ ಬದಲಿಸಿ ಹಾಕಿದೆ. ಆಗಲೂ ಬಂದ. ಇದನ್ನು ಪ್ರೀತಿ ಎಂದು ಬರೆದರೆ ತಬೊರ್ದಾ ಮೇಡಂ ಕೆಂಪು ಗೆರೆ ಎಳೆಯುತ್ತಾರೆ. ಕಂಡದ್ದನ್ನಷ್ಟೇ ಬರೆದಿದ್ದೇನೆ.

ಅಲ್ಲಿ ನಿನ್ನ ಜೊತೆ ಕೋಣೆಯಲ್ಲಿರುವವರಿಗೆಲ್ಲ ನನ್ನ ನಮಸ್ಕಾರ. ಮೈ ಬೆಚ್ಚಗಿಟ್ಟುಕೋ.

ನಿನ್ನ ಮಗಳು,
ಎಲಿಯಾನಾ

ಮರೆತಿದ್ದೆ: ಅಮ್ಮ ಇದನ್ನು ಓದಿ, "ಇಷ್ಟುದ್ದ ಬರ್ದು ಬಾ ಅಂತಾನೇ ಬರ್ದಿಲ್ವಲ್ಲೇ" ಎಂದು ಬೈದಳು. ಬಾ ಅಪ್ಪಾ. ಬಂದವನು ಫಾಬ್ರಿಯನ್ನು ತಬ್ಬಿಕೊಳ್ಳಲು ಹೋಗದೆ, ಬಾಗಿಲಲ್ಲಿ ನಿಂತು ನಿನ್ನ ಮಾಮೂಲಿ ದನಿಯಲ್ಲೇ ಕರೆ. ಹತ್ತಿರ ಬಂದರೆ ಸರಿ. ಹಿಂದೆ ಸರಿದರೂ ಅದು ಅವನೇ ಹೇಳಿದ ಮಾತು, ಅಲ್ಲಿಂದಲೇ ಶುರು ಮಾಡೋಣ.